ಕತ್ತಲಾಗದ ಕೋಣೆ

ಸಕ್ಕರೆ ಕಾಯಿಲೆ ಕಣ್ಣನ್ನು ಸದ್ದಿಲ್ಲದೆ ತಿನ್ನುತ್ತದೆ. ದೃಷ್ಟಿ ಮಂಜಾಯಿತೆಂದು ರೋಗಿ ಡಾಕ್ಟರ ಹತ್ತಿರ ಬರುವ ಹೊತ್ತಿಗೆ ರೆಟಿನಾದ ಸಣ್ಣ ರಕ್ತನಾಳಗಳು ಸೋರಿ ಹಾನಿ ಆಗಿಹೋಗಿರುವುದುಂಟು. ಹಾಗಾಗಿ ಗೂಗಲ್‌ನ ಸಂಶೋಧಕರು 2016ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ನಿಜಕ್ಕೂ ದೊಡ್ಡ ಸುದ್ದಿ. 1,28,175 ರೆಟಿನಾ ಚಿತ್ರಗಳನ್ನು 54 ವೈದ್ಯರು ಹಂಚಿಕೊಂಡು, ಒಂದೊಂದನ್ನೂ ಮೂರರಿಂದ ಏಳು ಸಲ ಪರಿಶೀಲಿಸಿ ಗುರುತು ಹಾಕಿದ್ದರು. ಅವುಗಳಿಂದ ಕಲಿತ ಯಂತ್ರ ನುರಿತ ಕಣ್ಣಿನ ವೈದ್ಯರಿಗೆ ಸರಿಸಾಟಿಯಾಗಿ ರೋಗ ಪತ್ತೆ ಮಾಡಿತು. ಚಿತ್ರ ಕೊಟ್ಟ ಭಾರತದ ಮೂರು ಕಣ್ಣಾಸ್ಪತ್ರೆಗಳಲ್ಲಿ ಒಂದು ಬೆಂಗಳೂರಿನ ನಾರಾಯಣ ನೇತ್ರಾಲಯ. ನಮ್ಮವರ ಕಣ್ಣುಗಳೂ ಆ ಯಂತ್ರಕ್ಕೆ ಪಾಠ ಹೇಳಿವೆ.

ಅದು ನಿಜವಾಗಿ ಒರೆಗೆ ಬಿದ್ದದ್ದು ಥಾಯ್ಲೆಂಡಿನಲ್ಲಿ. 2018ರ ಕೊನೆಯಿಂದ ಪಾಥುಮ್ ಥಾನಿ ಮತ್ತು ಚಿಯಾಂಗ್ ಮಾಯ್ ಪ್ರಾಂತ್ಯಗಳ 11 ಕ್ಲಿನಿಕ್‌ಗಳಲ್ಲಿ ಬಳಸಿ ನೋಡಿದರು. ಚಿತ್ರ ತೆಗೆಯುವವರು ಅಲ್ಲಿನ ನರ್ಸ್‌ಗಳು. ತಜ್ಞರಿಂದ ವರದಿ ಬರಲು ಹತ್ತು ವಾರವೂ ಹಿಡಿಯುತ್ತಿದ್ದ ಕಡೆ ಯಂತ್ರ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡಬೇಕಿತ್ತು. ಚಿತ್ರ ಚೆನ್ನಾಗಿ ಬಂದಾಗ ಕೊಟ್ಟಿತು ಕೂಡ.

ಚೆನ್ನಾಗಿ ಬರಬೇಕಾದರೆ ಕೋಣೆ ಕತ್ತಲಾಗಬೇಕು; ಕತ್ತಲಲ್ಲಿ ಪಾಪೆ ಅರಳಿದಾಗಲೇ ಕ್ಯಾಮೆರಾಕ್ಕೆ ರೆಟಿನಾ ಸರಿಯಾಗಿ ಸಿಗುವುದು. ಹೆಚ್ಚಿನ ಕ್ಲಿನಿಕ್‌ಗಳಲ್ಲಿ ಅಂಥ ಕೋಣೆಯೇ ಇರಲಿಲ್ಲ. ಒಂದಿಷ್ಟು ಮಸುಕಾಗಿದ್ದರೆ, ಒಂದು ಕಡೆ ಕಪ್ಪು ಬಿದ್ದಿದ್ದರೆ ಯಂತ್ರ ಚಿತ್ರವನ್ನು ಒಪ್ಪುತ್ತಿರಲಿಲ್ಲ. ಮೊದಲ ಆರು ತಿಂಗಳ 1,838 ಚಿತ್ರಗಳಲ್ಲಿ ಶೇ. 21ರಷ್ಟು ಹೀಗೆ ತಿರಸ್ಕೃತವಾದವು. ರೋಗದ ಗುರುತೇ ಇಲ್ಲವೆಂದು ನರ್ಸ್‌ಗಳಿಗೆ ಕಾಣುತ್ತಿದ್ದ ಚಿತ್ರಗಳೂ ಅವುಗಳಲ್ಲಿದ್ದವು. ಆದರೂ ರೋಗಿ ಇನ್ನೊಂದು ದಿನ ತಜ್ಞರನ್ನು ಕಾಣಲು ಹೋಗಬೇಕು. ಒಂದು ಕ್ಲಿನಿಕ್ಕಿನಲ್ಲಂತೂ ಎರಡು ತಾಸು ಇಂಟರ್ನೆಟ್ ಕೈಕೊಟ್ಟು, 200 ಜನರ ತಪಾಸಣೆ ಆಗಬೇಕಿದ್ದಲ್ಲಿ 100ಕ್ಕೇ ನಿಂತಿತು.

ಇದನ್ನೆಲ್ಲ 2020ರಲ್ಲಿ ಬಹಿರಂಗವಾಗಿ ಬರೆದವರು ಗೂಗಲ್‌ನ ಸಂಶೋಧಕರೇ. ಆ ಪ್ರಾಮಾಣಿಕತೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಮಸುಕು ಚಿತ್ರ ನೋಡಿ ಊಹೆಯಿಂದ ರೋಗ ಹೇಳುವುದಕ್ಕಿಂತ ಒಲ್ಲೆನೆನ್ನುವುದೇ ಮೇಲು ಎಂಬುದನ್ನೂ ಒಪ್ಪುತ್ತೇನೆ. ನನ್ನ ತಕರಾರು ಇರುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ. ಕ್ಲಿನಿಕ್ಕಿನ ಬಾಗಿಲಲ್ಲಿ ಒಂದು ವಾರ ಕೂತು ನೋಡುವ ಕೆಲಸ ಮೊದಲೇ ಆಗಿದ್ದರೆ, ಕಿಟಕಿಗೆ ಬೇಕಾದ ದಪ್ಪ ಪರದೆ, ರೋಗಿ ಕಳೆದುಕೊಳ್ಳುವ ದಿನದ ಕೂಲಿ, ಪೇಟೆಯ ಆಸ್ಪತ್ರೆಯ ದೂರ ಎಲ್ಲವೂ ಲೆಕ್ಕಕ್ಕೆ ಬರುತ್ತಿದ್ದವು. ನರ್ಸ್‌ಗಳಿಗೆ ಅದು ಮೊದಲೇ ಗೊತ್ತಿತ್ತು. ಬಡವರು ಸುಮ್ಮನೆ ಅಷ್ಟು ದೂರ ಅಲೆಯುವಂತಾದೀತೆಂದು, ಅಧ್ಯಯನಕ್ಕೆ ಸೇರಬೇಡಿ ಎಂದು ಕೆಲವರು ರೋಗಿಗಳಿಗೆ ತಾವೇ ಹೇಳಿದ್ದರು.