ಪಿರೇಯಸ್ಸಿನ ಹಡಗುಮನೆಗಳು: ಐಸಾಕ್ರಟೀಸನ ಸಾಕ್ಷ್ಯದ ಒಂದು ವಿಮರ್ಶೆ

ಅಥೆನ್ಸಿನ ನೌಕಾಬಲವನ್ನು ಬೋಧಿಸುವಾಗ ನಾವು ಕ್ರಿ.ಪೂ. 480ರ ಸಲಾಮಿಸ್ ಕದನದಿಂದ ತೊಡಗಿ ಕ್ರಿ.ಪೂ. 405ರ ಈಗಾಸ್‌ಪೊಟಮಿಯ ಸೋಲಿನೊಡನೆ ಮುಗಿಸುವುದು ವಾಡಿಕೆ. ಈ ಕಥನದಲ್ಲಿ ಹಡಗುಗಳು ಸದಾ ಕಡಲ ಮೇಲೆಯೇ ಇರುತ್ತವೆ. ಆದರೆ ಇನ್ನೂರು ಜನರನ್ನು ಹೊತ್ತ ಟ್ರೈರೀಮ್ ಹಗುರವಾದ ಮರದ ನೌಕೆ. ನೀರಿನಲ್ಲಿಯೇ ಬಿಟ್ಟರೆ ಮರ ನೀರು ಕುಡಿದು ಭಾರವಾಗುತ್ತದೆ, ಹುಳು ಕೊರೆಯುತ್ತದೆ. ಕ್ರಿ.ಪೂ. 414ರಲ್ಲಿ ಸಿಸಿಲಿಯಿಂದ ನಿಕಿಯಾಸನು ಬರೆದ ಪತ್ರವನ್ನು ಥ್ಯುಸಿಡಿಡೀಸನು ಕೊಟ್ಟಿದ್ದಾನೆ: ಹಡಗುಗಳನ್ನು ದಡಕ್ಕೆಳೆದು ಒಣಗಿಸಲು ಅವಕಾಶವಿಲ್ಲದೆ ಅವು ನೆನೆದುಹೋಗಿವೆ ಎಂಬುದು ಆ ಸೇನಾನಿಯ ಮುಖ್ಯ ಅಳಲುಗಳಲ್ಲೊಂದು. ಇದಕ್ಕೆ ಪರಿಹಾರವಾಗಿಯೇ ಗ್ರೀಕರು ಕಡಲಿಗೆ ಇಳಿಜಾರಾದ ನೆಲಗಟ್ಟು, ಕಂಬಸಾಲು ಮತ್ತು ಹೆಂಚಿನ ಮಾಡುಗಳುಳ್ಳ ಕಟ್ಟಡಗಳನ್ನು ನಿರ್ಮಿಸಿದರು. ಅವಕ್ಕಿದ್ದ ಗ್ರೀಕ್ ಹೆಸರಿನ ಅರ್ಥವೇ 'ಹಡಗಿನ ಮನೆ'. ಆದ್ದರಿಂದ ಕನ್ನಡದಲ್ಲಿ ಹಡಗುಮನೆ ಎಂದರೆ ಸಾಕು, ಬೇರೆ ಪರಿಭಾಷೆ ಬೇಕಿಲ್ಲ.

ಪಿರೇಯಸ್ಸಿನ ಝೇಯಾ ಬಂದರಿನಲ್ಲಿ 1885ರಲ್ಲಿ ಡ್ರಗಾಟ್ಸಿಸ್ ಇವುಗಳನ್ನು ಅಗೆದು ತೆಗೆದರು. ಅಲ್ಲಿಯ ಬಂದರುಗಳನ್ನು 2001ರಿಂದ ಡೇನಿಷ್ ವಿದ್ವಾಂಸ ಲೊವೆನ್ ಅವರ ತಂಡವು ನೆಲದಲ್ಲಿಯೂ ನೀರಿನೊಳಗೂ ಮತ್ತೆ ಪರೀಕ್ಷಿಸಿತು. ಕ್ರಿ.ಪೂ. 330ರ ಸುಮಾರಿನ ಶಾಸನಗಳು ಝೇಯಾದಲ್ಲಿ 196, ಕಾಂಥರಸ್ಸಿನಲ್ಲಿ 94, ಮುನಿಖಿಯಾದಲ್ಲಿ 82, ಒಟ್ಟು 372 ಹಡಗುಮನೆಗಳನ್ನು ಲೆಕ್ಕ ಹಾಕುತ್ತವೆ.

ನಮ್ಮ ಆಕ್ಷೇಪವಿರುವುದು ಇವುಗಳ ಹಿಂದಿನ ಅವಸ್ಥೆಯ ಬಗ್ಗೆ ರೂಢಿಯಲ್ಲಿರುವ ಒಂದು ಹೇಳಿಕೆಗೆ. ಸಹಸ್ರ ಟ್ಯಾಲೆಂಟುಗಳಿಗೆ ಕಡಿಮೆಯಿಲ್ಲದ ವೆಚ್ಚದಲ್ಲಿ ಕಟ್ಟಿದ ಹಡಗುಮನೆಗಳನ್ನು ಮೂವತ್ತು ಮಂದಿ ಪ್ರಭುಗಳು (ಕ್ರಿ.ಪೂ. 404–403) ಕೆಡವುವುದಕ್ಕಾಗಿ ಮೂರೇ ಟ್ಯಾಲೆಂಟಿಗೆ ಮಾರಿದರೆಂದು ಐಸಾಕ್ರಟೀಸನು 'ಅರಿಯೋಪಗಿಟಿಕಸ್'ನಲ್ಲಿ ಹೇಳುತ್ತಾನೆ. ಪಠ್ಯಪುಸ್ತಕಗಳು ಈ ಮಾತನ್ನು ತೂಗಿನೋಡದೆ ಸ್ವೀಕರಿಸುವುದುಂಟು. ಆದರೆ ಸಹಸ್ರಕ್ಕೆ ಮೂರು ಎಂಬುದು ಲೆಕ್ಕಿಗನ ಅಂಕೆಗಿಂತ ವಾಗ್ಮಿಯ ಅಂಕೆಯಂತೆ ಕಾಣುತ್ತದೆ. ಘಟನೆ ನಡೆದು ಅರ್ಧ ಶತಮಾನ ಸಂದ ಮೇಲೆ, ಪ್ರಜಾಪ್ರಭುತ್ವವನ್ನು ಆ ಮೂವತ್ತು ಮಂದಿಯ ಆಳ್ವಿಕೆಗೆ ಹೋಲಿಸಿ ಹೊಗಳುವ ಸಂದರ್ಭದಲ್ಲಿ ಬಂದ ಮಾತಿದು. ಅದೇ ಕಾಲದ 'ಶಾಂತಿಯನ್ನು ಕುರಿತು' ಎಂಬ ಕೃತಿಯಲ್ಲಿ ಕಡಲಿನ ಒಡೆತನವೇ ಕೇಡಿನ ಮೂಲವೆಂದವನೂ ಇವನೇ ಎಂಬುದನ್ನು ಮರೆಯಬಾರದು.

ಇದಕ್ಕೂ ಹತ್ತಿರದ ಸಾಕ್ಷಿ ಲೀಸಿಯಸನದು. ಕ್ರಿ.ಪೂ. 399ರ ಸುಮಾರಿನಲ್ಲಿ, ಎಂದರೆ ಮಾರಾಟವಾಯಿತೆನ್ನಲಾದ ನಾಲ್ಕೈದು ವರ್ಷಗಳೊಳಗೆ, ನಿಕೋಮಕಸನ ವಿರುದ್ಧದ ಭಾಷಣದಲ್ಲಿ, ಹಡಗುಮನೆಗಳೂ ಕೋಟೆಗೋಡೆಗಳೂ ಕುಸಿಯುತ್ತಿವೆ ಎಂಬ ಮಾತು ಬರುತ್ತದೆ. ಕೆಡವಿ ಸಾಗಿಸಿದ ಕಟ್ಟಡ ಮತ್ತೆ ಕುಸಿಯಲಾರದು. ಮಾರಾಟವು ಸುಳ್ಳೆಂದು ಇದರಿಂದ ಹೇಳಲಾಗದು. ಕೊಂಡವನಿಗೆ ಲಾಭವಿದ್ದುದು ಮಾಡಿನ ತೊಲೆ, ಹೆಂಚುಗಳಲ್ಲಿ. ಬಂಡೆ ಕಡಿದು ಮಾಡಿದ ಇಳಿಜಾರನ್ನು ಹೊತ್ತೊಯ್ಯುವವರು ಯಾರು? ಕೆಲವು ಸಾಲುಗಳ ಮಾಡು ಇಳಿಯಿತು, ಉಳಿದವು ದುರಸ್ತಿಯಿಲ್ಲದೆ ಶಿಥಿಲವಾದವು ಎಂದು ಭಾವಿಸಿದರೆ ಎರಡು ಸಾಕ್ಷ್ಯಗಳೂ ಹೊಂದುತ್ತವೆ.

ಕ್ರಿ.ಪೂ. 357–356ರ ನೌಕಾಶಾಸನದಲ್ಲಿ 283 ಟ್ರೈರೀಮುಗಳು ದಾಖಲಾಗಿವೆ. ಐಸಾಕ್ರಟೀಸನು ತನ್ನ ಸಹಸ್ರ ಟ್ಯಾಲೆಂಟುಗಳ ಮಾತನ್ನು ಬರೆದುದು ಇದರ ಆಚೀಚಿನ ವರ್ಷಗಳಲ್ಲಿಯೇ. ಅವನ ಓದುಗರು ಬಂದರಿಗೆ ಇಳಿದುಹೋಗಿ ಹಡಗುಮನೆಗಳನ್ನು ಕಣ್ಣಾರೆ ಕಾಣಬಹುದಾಗಿತ್ತು.