ದುಂಡಕ್ಷರ ಮತ್ತು ತಲೆಕಟ್ಟು: ಕುರಕುಂಟಾ ಪರಿಸರದ ಊರ ಹೆಸರುಗಳ ನೆಲೆಯಿಂದ ಒಂದು ವಿವೇಚನೆ

ಅಕ್ಷರವಿನ್ಯಾಸವನ್ನು ಕೇವಲ ಮುದ್ರಣತಂತ್ರದ ಭಾಗವೆಂದು ಪರಿಗಣಿಸುವುದು ರೂಢಿ. ಆದರೆ ಊರಿನ ಹೆಸರು, ಅಂಗಡಿಯ ಹೆಸರು, ಗುಡಿಯ ದಾನಿಗಳ ಹೆಸರು ಜನರ ಕಣ್ಣಿಗೆ ಬೀಳುವುದು ಫಲಕ ಹಾಗೂ ಕಲ್ಲುಗಳ ಮೇಲೆ. ಆದುದರಿಂದ ಅಕ್ಷರದ ಆಕಾರವು ಭೌತಿಕ ಸಂಸ್ಕೃತಿಯ ಅಧ್ಯಯನಕ್ಕೂ ಸಲ್ಲುತ್ತದೆ.

ರೋಮನ್ ಅಕ್ಷರದ ಗೆರೆಯ ತುದಿಗೆ ದಪ್ಪ ಪಟ್ಟಿಯನ್ನು ಕೂಡಿಸುವ ‘ಸ್ಲ್ಯಾಬ್ ಸೆರಿಫ್’ ಮೊಳೆಗಳು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಬಳಕೆಗೆ ಬಂದವು. 1845ರ ಕ್ಲಾರೆಂಡನ್ ಮೊಳೆಯಲ್ಲಿ ಪಟ್ಟಿಯು ಗೆರೆಯನ್ನು ಬಾಗಿ ಸೇರುತ್ತದೆ. 1974ರ ಅಮೆರಿಕನ್ ಟೈಪ್‌ರೈಟರ್‌ನಲ್ಲಿ ಪಟ್ಟಿಯ ಅಂಚುಗಳೇ ದುಂಡಾಗಿವೆ. ದೂರದಿಂದ ಕಾಣುವ ಭಾರ, ಜೊತೆಗೆ ಕಣ್ಣಿಗೆ ಮೃದುತ್ವ ಇವುಗಳ ಗುಣ. ಭಿತ್ತಿಪತ್ರ, ಶೀರ್ಷಿಕೆ, ನಿಘಂಟಿನ ಮುಖ್ಯಪದಗಳಿಗೆ ಇಂತಹ ಮೊಳೆಗಳು ಒದಗಿದುದು ಈ ಕಾರಣದಿಂದ.

ಕನ್ನಡದ ದುಂಡು ಒಡಲು ಮತ್ತು ಅದರ ಮೇಲಿನ ಅಡ್ಡಗೆರೆಯನ್ನು ಕಂಡವರಿಗೆ ಈ ವರ್ಗದ ನೆನಪಾಗುವುದು ಸಹಜ. ಆದರೆ ಹೋಲಿಕೆ ಮೇಲ್ನೋಟದ್ದು. ಸೆರಿಫನ್ನು ತೆಗೆದರೂ ರೋಮನ್ ಅಕ್ಷರ ಅದೇ ಅಕ್ಷರವಾಗಿ ಉಳಿಯುತ್ತದೆ. ತಲೆಕಟ್ಟಾದರೋ ಅಲಂಕಾರವಲ್ಲ, ಸ್ವರದ ಗುರುತು. ಶಾಲೆಯ ಕಾಗುಣಿತದ ಬಾಯಿಪಾಠದಲ್ಲಿ ತಲೆಕಟ್ಟು, ಇಳಿ, ಗುಡಿಸು, ಕೊಂಬು ಎಂಬ ಕ್ರಮವೇ ಇದೆ. ಗುಡಿಸು ಅಥವಾ ಎತ್ವ ಬಂದೊಡನೆ ತಲೆಕಟ್ಟು ತನ್ನ ಸ್ಥಾನವನ್ನು ಬಿಟ್ಟುಕೊಡುತ್ತದೆ. ವಿನ್ಯಾಸಕಾರರು ಮರೆಯುವ ಈ ವ್ಯಾಕರಣವನ್ನು ಮೌಖಿಕ ಪರಂಪರೆ ಕಾಪಾಡಿಕೊಂಡು ಬಂದಿದೆ.

ಈ ಸೀಮೆಯ ಊರ ಹೆಸರುಗಳೇ ಇದಕ್ಕೆ ನಿದರ್ಶನ. ‘ಕುರಕುಂಟಾ’ ಎಂಬಲ್ಲಿ ಮೊದಲ ಮೂರು ಅಕ್ಷರಗಳಿಗೆ ತಲೆಕಟ್ಟಿದೆ. ಕೊನೆಯ ‘ಟಾ’ಕ್ಕೆ ಇಲ್ಲ. ‘ಚಿಂಚೋಳಿ’ಯಲ್ಲಿ ಅಡ್ಡವಾದ ತಲೆಕಟ್ಟು ಒಂದೂ ಉಳಿಯುವುದಿಲ್ಲ. ತಲೆಕಟ್ಟನ್ನೇ ಪಟ್ಟಿಯೆಂದು ಭಾವಿಸಿ ದಪ್ಪಗೊಳಿಸಿದರೆ ಮೊದಲನೆಯ ಹೆಸರು ಎಡಕ್ಕೆ ತೂಗುತ್ತದೆ, ಎರಡನೆಯದು ಬೇರೊಂದು ಮೊಳೆಯಿಂದ ಅಚ್ಚಾದಂತೆ ತೋರುತ್ತದೆ. ‘ಚಿತ್ತಾಪುರ’ದ ಒತ್ತಕ್ಷರಕ್ಕೆ ಕೆಳಗಡೆ ಎಡೆ ಬೇಕು, ದಪ್ಪ ಗೆರೆ ಆ ಎಡೆಯನ್ನು ನುಂಗುತ್ತದೆ. ದ–ಧ, ಪ–ಫಗಳನ್ನು ಬೇರ್ಪಡಿಸುವ ಕಿರುಸೀಳು ಮುಚ್ಚಿಹೋದರೆ ಓದೇ ತಪ್ಪುತ್ತದೆ.

ತೆಲುಗು ಸೀಮೆಗೆ ಹೊಂದಿಕೊಂಡ ಸೇಡಂ ಭಾಗದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಒಂದೇ ಮೂಲದ ಎರಡು ಲಿಪಿಗಳಲ್ಲಿ ಅನೇಕ ಅಕ್ಷರಗಳ ಒಡಲು ಸಮಾನ. ಕನ್ನಡದ ತಲೆಕಟ್ಟು ಅಡ್ಡವಾಗಿ ಸಾಗಿ ಬಲತುದಿಯಲ್ಲಿ ಕೊಂಕುತ್ತದೆ. ತೆಲುಗಿನದು ಓರೆಯಾಗಿ ಮೇಲೇಳುತ್ತದೆ. ಬಲಗೊಂಕನ್ನು ಸವರಿ ಚಪ್ಪಟೆ ಪಟ್ಟಿಯಾಗಿಸುವ ವಿನ್ಯಾಸವು ಲಿಪಿಯ ಗುರುತನ್ನೇ ಮಸುಕುಗೊಳಿಸುತ್ತದೆ.

ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇದೇ ತಾಲ್ಲೂಕಿನಲ್ಲಿದೆ. ಶಹಾಬಾದ ಕಲ್ಲಿನ ನಾಡೂ ಇದೇ. ಕಾಗದದ ತಪ್ಪನ್ನು ಮರುಮುದ್ರಣದಲ್ಲಿ ತಿದ್ದಬಹುದು, ಕಲ್ಲಿನ ತಪ್ಪು ನಿಲ್ಲುತ್ತದೆ. ಕನ್ನಡಕ್ಕೆ ಬೇಕಾದ ಭಾರವನ್ನು ತಲೆಕಟ್ಟಿಗೆ ಹೊರಿಸದೆ ಒಡಲಿನ ದುಂಡಿಗೆ ಸಮನಾಗಿ ಹಂಚಬೇಕು. ಏಕ್ ಟೈಪ್ ಬಳಗದ ‘ಬಲೂ ತಮ್ಮ’ ಈ ದಾರಿಯ ಒಂದು ಪ್ರಯತ್ನ. ಅಂತಹ ಅಕ್ಷರ ಶೀರ್ಷಿಕೆಗೂ ಫಲಕಕ್ಕೂ ಯೋಗ್ಯ. ದೀರ್ಘ ಓದಿಗೆ ಅಲ್ಲ. ಅದು ಸರಿಯೋ ತಪ್ಪೋ ಎಂಬುದನ್ನು ಊರವರು ತಮ್ಮ ಊರಿನ ಹೆಸರನ್ನು ತಡವರಿಸದೆ ಓದುವರೇ ಎಂಬುದೇ ನಿರ್ಧರಿಸುತ್ತದೆ.