ಪೆಡಲಿಗೂ ಬಂಡೆಗೂ ಒಂದೇ ಜೋಡು

ಗುಡೇಕೋಟೆಯ ಕೋಟೆಗೆ ಸೈಕಲ್ ಹತ್ತುವುದಿಲ್ಲ. ಊರಲ್ಲಿ ನೆರಳು ನೋಡಿ ನಿಲ್ಲಿಸಿ, ಬೀಗ ಹಾಕಿ, ದೊಡ್ಡ ದೊಡ್ಡ ಗುಂಡುಗಳ ಸಂದಿಯಲ್ಲಿ ನಡೆದೇ ಮೇಲೇರಬೇಕು. ಕೂಡ್ಲಿಗಿಯಿಂದ ಬೆಳಿಗ್ಗೆ ಹೊರಟವರು ಇಲ್ಲಿಗೆ ಮುಟ್ಟುವ ಹೊತ್ತಿಗೆ ಬಿಸಿಲೇರಿ ಪಾದ ಕೊಂಚ ಊದಿಕೊಂಡಿರುತ್ತದೆ. ಕಾಲಲ್ಲಿರುವ ಶೂ ಸೈಕಲ್ ಪ್ರವಾಸಕ್ಕೆ ಲಾಯಕ್ಕೋ ಅಲ್ಲವೋ ಎಂಬುದು ಬಂಡೆಯ ಮೇಲಿಟ್ಟ ಮೊದಲ ಹತ್ತು ಹೆಜ್ಜೆಯಲ್ಲೇ ಗೊತ್ತಾಗುತ್ತದೆ. ಒನಕೆ ಓಬವ್ವನ ತವರೆಂದು ಜನ ನೆನೆಯುವ, ಪಾಳೆಯಗಾರರು ಆಳಿದ ಈ ಜಾಗವನ್ನು ಶೂ ಜಾರುತ್ತದೆ ಎಂಬ ಒಂದೇ ಕಾರಣಕ್ಕೆ ಕೆಳಗಿನಿಂದಲೇ ನೋಡಿ ಹೊರಟುಹೋಗುವ ಸವಾರರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಷ್ಟು ದೂರ ತುಳಿದುಕೊಂಡು ಬಂದದ್ದು ಯಾವುದಕ್ಕೆ?

ಸೈಕಲ್ ಶೂ ಮಾರುವವರು ಪೆಡಲಿನಿಂದ ಲೆಕ್ಕ ಶುರುಮಾಡುತ್ತಾರೆ. ಪ್ರವಾಸಿಗರು ನಡಿಗೆಯಿಂದ ಶುರುಮಾಡಬೇಕು ಎಂಬುದು ನನ್ನ ಪಕ್ಕಾ ಅಭಿಪ್ರಾಯ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ನಕ್ಷೆಯನ್ನು ಹರಡಿಕೊಂಡು ಕೂತರೆ ಕಾರಣ ತಾನೇ ಕಾಣುತ್ತದೆ. ಹಗರಿಬೊಮ್ಮನಹಳ್ಳಿ ಕಡೆಗೆ ಹೋದರೆ ಅಂಕಸಮುದ್ರದ ಕೆರೆ ಏರಿ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಹಕ್ಕಿತಾಣವನ್ನು ಸೀಟಿನ ಮೇಲೆ ಕೂತು ನೋಡಲಾಗದು, ಏರಿಯ ಮೇಲೆ ಮೆಲ್ಲಗೆ ನಡೆಯಬೇಕು. ಹರಪನಹಳ್ಳಿ ತಾಲ್ಲೂಕಿಗೆ ಇಳಿದರೆ ಉಚ್ಚಂಗಿದುರ್ಗದ ಮೆಟ್ಟಿಲು, ಬಾಗಳಿಯ ಕಲ್ಲೇಶ್ವರ ಗುಡಿ. ಹಡಗಲಿಯಲ್ಲಿ ತುಂಗಭದ್ರೆಯ ದಡದ ಕುರುವತ್ತಿ. ಗುಡೇಕೋಟೆಯಿಂದ ಮೊಳಕಾಲ್ಮೂರಿನತ್ತ ತಿರುಗಿಕೊಂಡರೆ ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಆ ಶಾಸನಗಳಲ್ಲಿ ಜಟಿಂಗ ರಾಮೇಶ್ವರದ್ದನ್ನು ಓದಲು ಗುಡ್ಡವನ್ನೇ ಹತ್ತಬೇಕು. ಇನ್ನು ಸುಗ್ಗಿಯ ಕಾಲದಲ್ಲಿ ಹಳ್ಳಿ ರಸ್ತೆಯ ಮೇಲೆಯೇ ಹುರುಳಿ, ರಾಗಿ ಹರವಿರುತ್ತಾರೆ. ಅದರ ಮೇಲೆ ಸೈಕಲ್ ಓಡಿಸಿದರೆ ಚಕ್ರ ಜಾರುತ್ತದೆ, ಹೊಟ್ಟು ಸರಪಳಿಗೆ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ಸರಿ, ಒಕ್ಕಲಿಗರ ಕಾಳಿಗೂ ಅದೇ ಮರ್ಯಾದೆ.

ಆದರೂ ಪೆಡಲಿಗೆ ಕಚ್ಚಿಕೊಳ್ಳುವ ಶೂ ಬಗ್ಗೆ ಕೇಳುವವರು ತುಂಬ ಮಂದಿ. ಅದರ ಇತಿಹಾಸ ತಿಳಿದರೆ ಆಯ್ಕೆ ಸುಲಭ. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಸ್ಕೀಯಿಂಗ್ ಬೂಟಿನ ಹಿಡಿಕೆಯ ತಂತ್ರವನ್ನು ಪೆಡಲಿಗೆ ತಂದಿತು. ಮರುವರ್ಷ ಬರ್ನಾರ್ಡ್ ಇನೋ ಅದೇ ಪೆಡಲಿನಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದರು. ಅಂಗಾಲಿನಡಿ ಮೂರು ಬೋಲ್ಟಿನ ದೊಡ್ಡ ಕ್ಲೀಟ್, ಅಂದರೆ ಪೆಡಲಿಗೆ ಕಚ್ಚಿಕೊಳ್ಳುವ ತುಂಡು, ಉಬ್ಬಿಕೊಂಡಿರುವ ಆ ಬಗೆಯ ಶೂ ರೇಸಿಗಾಗಿ ಹುಟ್ಟಿದ್ದು. ಅದರಲ್ಲಿ ಹಿಮ್ಮಡಿ ಕೆಳಗೆ, ಬೆರಳು ಮೇಲೆ. ನಯಗಾರೆಯ ನೆಲದ ಮೇಲೂ ಜಾರುತ್ತದೆ, ಬಂಡೆಯ ಮಾತು ಬಿಡಿ. 1990ರಲ್ಲಿ ಜಪಾನಿನ ಶಿಮಾನೊ ಗುಡ್ಡಗಾಡಿನ ಸೈಕಲ್ಲಿಗೆಂದು ಎರಡು ಬೋಲ್ಟಿನ ಚಿಕ್ಕ ಕ್ಲೀಟ್ ತಂದಿತು. ಇದು ಅಟ್ಟೆಯ ಕುಳಿಯೊಳಗೆ ಅಡಗಿ ಕೂರುತ್ತದೆ, ಸುತ್ತ ರಬ್ಬರ್ ಇರುತ್ತದೆ, ಆದ್ದರಿಂದ ನಡೆಯಬಹುದು. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ಬ್ರೆವೆ ಸವಾರಿಗೆ ಹೋಗುವವರಿಗೆ ಇದು ಒಳ್ಳೆಯ ಆಯ್ಕೆ, ನಾನೇ ಶಿಫಾರಸು ಮಾಡುತ್ತೇನೆ. ಗುಡೇಕೋಟೆಗೆ ಬೇಡ. ಅಟ್ಟೆಯ ರಬ್ಬರ್ ಸವೆದಂತೆ ಉಕ್ಕಿನ ಕ್ಲೀಟ್ ಹೊರಗೆ ಮುಟ್ಟತೊಡಗುತ್ತದೆ. ಆಮೇಲೆ ಪ್ರತಿ ಹೆಜ್ಜೆಗೂ ಅದು ಕಲ್ಲನ್ನು ಕೆರೆಯುತ್ತದೆ. ನೂರಾರು ವರ್ಷದ ಕೋಟೆಮೆಟ್ಟಿಲ ಮೇಲೆ ಉಕ್ಕಿನ ಗೀರು ಬೀಳಿಸುವ ಹಕ್ಕು ಯಾವ ಸವಾರನಿಗೂ ಇಲ್ಲ.

ಹಾಗಾದರೆ ಏನು ಕೊಳ್ಳಬೇಕು? ಸಾದಾ ಚಪ್ಪಟೆ ಪೆಡಲು, ಅದರ ಮೇಲೆ ಕಣಕಾಲಿನ ಕೆಳಗೆ ನಿಲ್ಲುವ, ಹಗುರಾದ ಚಾರಣದ ಶೂ. ಹಂಪಿಯಲ್ಲಿ, ಬಾದಾಮಿಯಲ್ಲಿ ಬಂಡೆ ಹತ್ತಲು ಬರುವವರು ಬಂಡೆಯ ಬುಡದವರೆಗೆ ನಡೆಯಲು ಹಾಕಿಕೊಳ್ಳುವ ಶೂಗಳನ್ನು ಗಮನಿಸಿ. ಅಟ್ಟೆಯ ಮುಂತುದಿಯಲ್ಲಿ ಹಲ್ಲುಗಳಿಲ್ಲದ ನಯವಾದ ಜಾಗ, ಮೆತ್ತನೆಯ ಅಂಟುವ ರಬ್ಬರ್, ಬೆರಳ ಮುಂದೆ ಕಲ್ಲೇಟು ತಡೆಯುವ ರಬ್ಬರ್ ಪಟ್ಟಿ. ಅವರಿಗೆ ಬೇಕಾದ್ದೆಲ್ಲ ನಮಗೂ ಬೇಕು. ಒಣಗಿದ ಬಂಡೆಯ ಮೇಲೆ ಹಿಡಿತ ಬರುವುದು ರಬ್ಬರ್ ಎಷ್ಟು ಅಗಲಕ್ಕೆ ಕಲ್ಲನ್ನು ಮುಟ್ಟುತ್ತದೆ ಎಂಬುದರಿಂದ. ಆಳವಾದ ಹಲ್ಲುಗಳ ಬೂಟು ಕೆಸರಿನಲ್ಲಿ ಗಟ್ಟಿ, ಬಂಡೆಯ ಮೇಲೆ ಮುಟ್ಟುವುದು ಹಲ್ಲಿನ ತುದಿಗಳು ಮಾತ್ರ. ಪೆಡಲಿನ ಮೇಲೂ ಹಾಗೆಯೇ: ಚಪ್ಪಟೆ ಅಟ್ಟೆ ಪೆಡಲಿನ ಮೊಳೆಗಳಿಗೆ ಚೆನ್ನಾಗಿ ಕೂರುತ್ತದೆ, ಆಳ ಹಲ್ಲಿನದು ಸಂದಿಗೆ ಸಿಕ್ಕಿ ತನಗೆ ಬೇಕಾದ ಕಡೆಗೆ ಕಾಲನ್ನು ತಿರುಗಿಸುತ್ತದೆ.

ಅಟ್ಟೆ ಎಷ್ಟು ಗಡಸಾಗಿರಬೇಕು ಎಂಬುದೇ ಇಡೀ ವಿಷಯದ ತಿರುಳು, ಇಲ್ಲಿ ಸ್ವಲ್ಪ ನಿಲ್ಲೋಣ. ಓಟದ ಶೂಗಳಲ್ಲಿ ದಪ್ಪ ಫೋಮ್ ಇರುತ್ತದೆ. ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಹಿತವೋ ಹಿತ. ಪೆಡಲಿನ ಮೇಲೆ ಅದೇ ಫೋಮ್ ನಮ್ಮ ತುಳಿತವನ್ನು ನುಂಗುತ್ತದೆ. ಪಾದ ಪೆಡಲಿನ ಸುತ್ತ ಬಾಗಿಕೊಳ್ಳುತ್ತದೆ. ಒಂದೆರಡು ತಾಸಿನಲ್ಲಿ ಬೆರಳುಗಳ ಬುಡ ಉರಿಯತೊಡಗುತ್ತದೆ, ಆಮೇಲೆ ಜೋಮು. ಅಲ್ಲಿನ ಉದ್ದೆಲುಬುಗಳ ನಡುವೆ ಹಾದುಹೋಗುವ ನರಗಳು ಅದುಮಿಸಿಕೊಂಡಾಗ ಆಗುವ ನೋವು ಅದು. ತೀರ ಗಡಸು ಅಟ್ಟೆಯಾದರೆ ನಡೆಯುವಾಗ ಬೆರಳು ಮಡಿಯುವುದಿಲ್ಲ, ಹಿಮ್ಮಡಿ ಒಳಗೇ ಎದ್ದೆದ್ದು ಉಜ್ಜುತ್ತದೆ, ಬೊಬ್ಬೆ ಏಳುತ್ತದೆ. ನಡುವಿನ ಹದವನ್ನು ಕೈಯಲ್ಲೇ ಕಂಡುಹಿಡಿಯಬಹುದು. ಹಿಮ್ಮಡಿಯನ್ನು ಒಂದು ಕೈಯಲ್ಲಿ, ಮುಂತುದಿಯನ್ನು ಇನ್ನೊಂದರಲ್ಲಿ ಹಿಡಿದು ಬಾಗಿಸಿ. ಬೆರಳ ಬುಡ ಬರುವ ಜಾಗದಲ್ಲಿ ಮಾತ್ರ, ಅದೂ ಒತ್ತಾಯಕ್ಕೆ, ಬಾಗಬೇಕು. ನಟ್ಟನಡುವೆ ಮಡಿಸಿಕೊಂಡರೆ ಕೆಳಗಿಡಿ. ಆಮೇಲೆ ಒದ್ದೆ ಪಂಚೆ ಹಿಂಡುವ ಹಾಗೆ ತಿರುಚಿ ನೋಡಿ. ಸುಲಭವಾಗಿ ತಿರುಚಿಕೊಳ್ಳುವಂಥದ್ದು ಬೇಡ. ಕೊನೆಯದಾಗಿ ಹಾಕಿಕೊಂಡು ಅಂಗಡಿಯ ಮೆಟ್ಟಿಲಿನ ಅಂಚಿನ ಮೇಲೆ, ಅಂಗಾಲಿನ ಮುಂಭಾಗ ಮಾತ್ರ ಊರಿ, ಒಂಟಿ ಕಾಲಲ್ಲಿ ನಿಂತುಕೊಳ್ಳಿ. ಅಂಚು ಪಾದಕ್ಕೆ ಒತ್ತುವುದು ಗೊತ್ತಾದರೆ ಪೆಡಲೂ ಒತ್ತುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ, ದಿನವಿಡೀ ತುಳಿಯಬೇಕಾದವರು ನಾವು.

ಅಗಲದ ವಿಚಾರಕ್ಕೆ ಬಂದರೆ, ನಮ್ಮ ಪಾದಗಳಿಗೆ ಅಂಗಡಿಗಳು ನ್ಯಾಯ ಮಾಡುವುದಿಲ್ಲ. ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವರ ಪಾದದ ಮುಂಭಾಗ ಅಗಲವಾಗಿರುತ್ತದೆ, ಬೆರಳು ಬಿಡಿಸಿಕೊಂಡಿರುತ್ತವೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರಾದ ರಾವ್ ಮತ್ತು ಬೆಂಜಮಿನ್ ಜೋಸೆಫ್ 2300 ಮಕ್ಕಳ ಹೆಜ್ಜೆಗುರುತು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಶೂ ಕೊಳ್ಳುವವರಿಗೆಲ್ಲ ಹೇಳುತ್ತಿರುತ್ತೇನೆ. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು, ಹಾಕದವರಲ್ಲಿ ಶೇ 2.8. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಅತಿ ಹೆಚ್ಚು, ಚಪ್ಪಲಿ ಮತ್ತು ಸ್ಯಾಂಡಲ್ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಬೆಳೆಯುವ ಪಾದದ ಮಾತು ಅದು, ಬೆಳೆದವರಿಗೆ ನೇರವಾಗಿ ಅನ್ವಯಿಸುವುದಿಲ್ಲ ನಿಜ. ಆದರೆ ಬೆರಳುಗಳಿಗೆ ಜಾಗ ಕೊಡಬೇಕೆಂಬುದಕ್ಕೆ ನಮ್ಮ ನಾಡಿನಲ್ಲೇ ಸಿಕ್ಕ ಸಾಕ್ಷಿ ಇದು. ಇಲ್ಲಿ ಮಾರುವ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರ್ ಎಂದರೆ ಸುಮಾರು ಎಂಟೂವರೆ ಮಿಲಿಮೀಟರ್ ಉದ್ದ. ಉದ್ದ ಸರಿಯಿದ್ದೂ ಕಿರುಬೆರಳು ಒತ್ತಿದರೆ ಮುಂದಿನ ನಂಬರಿಗೆ ಹೋಗಬೇಡಿ, ಹಿಮ್ಮಡಿ ಸಡಿಲವಾಗಿ ಬೇರೆ ತೊಂದರೆ ಬರುತ್ತದೆ. ಅಗಲವಾದ ಬೇರೆ ಮಾದರಿಯನ್ನೇ ಹುಡುಕಿ. ಹೆಬ್ಬೆರಳ ಮುಂದೆ ಒಂದು ಸೆಂಟಿಮೀಟರ್ ಖಾಲಿ ಇರಲಿ, ಕೋಟೆ ಇಳಿಯುವಾಗ ಉಗುರು ಉಳಿಯುತ್ತದೆ. ಸಂಜೆ ಹೊತ್ತು ಕೊಳ್ಳಿ, ಪಾದ ಊದಿರುವಾಗ. ಹೆಣ್ಣುಮಕ್ಕಳಿಗೆ ಒಂದು ಮಾತು: ಸಣ್ಣ ಊರುಗಳ ಅಂಗಡಿಯಲ್ಲಿ ಮಹಿಳೆಯರದೆಂದು ತೋರಿಸುವ ಶೂಗಳ ಮುಂಭಾಗ ಚೂಪು, ಅಟ್ಟೆ ತೆಳು. ಹುಡುಗರ ಸಾಲಿನಲ್ಲಿರುವ ಚಿಕ್ಕ ನಂಬರ್ ಕೇಳಿ ಪಡೆಯಿರಿ, ಅವು ಎಷ್ಟೋ ವಾಸಿ.

ಬಳ್ಳಾರಿ ಜಾಲಿಯನ್ನು ಮರೆತು ಈ ಸೀಮೆಗೆ ಶೂ ಕೊಳ್ಳುವಂತಿಲ್ಲ. ರಸ್ತೆ ಬದಿ, ಕೆರೆಯಂಗಳ, ಬೀಳು ಹೊಲ, ಎಲ್ಲೆಲ್ಲೂ ಅದೇ. ಕಡಿದು ಹಾಕಿದ ರೆಂಬೆಯ ಒಣಮುಳ್ಳು ಹವಾಯಿ ಚಪ್ಪಲಿಯನ್ನು ಸಲೀಸಾಗಿ ದಾಟಿ ಅಂಗಾಲಿಗೆ ಇಳಿಯುತ್ತದೆ. ಮೆತ್ತನೆಯ ಫೋಮ್ ಅಟ್ಟೆಗೂ ಅದೇ ಗತಿ. ಫೋಮಿನ ಕೆಳಗೆ ಪೂರ್ತಿ ರಬ್ಬರ್ ಹೊದಿಕೆ ಇರುವಂಥದ್ದೇ ಬೇಕು. ಹಗುರವಾಗಲೆಂದು ಅಲ್ಲಲ್ಲಿ ಮಾತ್ರ ರಬ್ಬರ್ ಅಂಟಿಸಿದ ಶೂಗಳಿಗೆ ಮುಳ್ಳು ದಾರಿ ಹುಡುಕುವುದು ಕಷ್ಟವಲ್ಲ. ನೆಗ್ಗಿಲು ಮುಳ್ಳಿನದು ಇನ್ನೊಂದು ಕಾಟ: ಅಟ್ಟೆಗೆ ಕಚ್ಚಿಕೊಂಡದ್ದು ಪೆಡಲಿಗೆ, ಅಲ್ಲಿಂದ ನೆಲಕ್ಕೆ, ಕೊನೆಗೆ ಟಯರಿಗೆ. ಸೈಕಲ್ ಹತ್ತುವ ಮುಂಚೆ ಅಟ್ಟೆಯನ್ನು ಕಲ್ಲಿಗೆ ಉಜ್ಜಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ನಮ್ಮ ನಾಡಿನ ಪ್ರವಾಸದಲ್ಲಿ ಶೂವನ್ನು ಬಿಚ್ಚುವುದೂ ಹಾಕುವುದಷ್ಟೇ ಮುಖ್ಯ. ಯುರೋಪಿನ ಪುಸ್ತಕಗಳು ಹೇಳದ ಸಂಗತಿ ಇದು. ಗುಡಿಗೆ ಹೋಗಲು ಬಿಚ್ಚಬೇಕು, ಯಾರೋ ಮಜ್ಜಿಗೆ ಕುಡಿದುಹೋಗಿ ಎಂದು ಕರೆದರೆ ಪಡಸಾಲೆಗೆ ಕಾಲಿಡುವ ಮುಂಚೆ ಬಿಚ್ಚಬೇಕು, ಕೊಟ್ಟೂರಿನ ಮಠದ ಮುಂದೆ ಬಿಚ್ಚಬೇಕು. ಕಣಕಾಲಿನ ಮೇಲೇರುವ, ಕೊಕ್ಕೆಗಳಿಗೆ ಲಾಡಿ ಸುತ್ತುವ ಬೂಟು ಹಾಕಿಕೊಂಡವರು ಎರಡನೇ ದಿನದಿಂದ ಗುಡಿಗಳನ್ನು ಹೊರಗಿನಿಂದಲೇ ನೋಡತೊಡಗುತ್ತಾರೆ. ಸಡಿಲಿಸಿದೊಡನೆ ಕಾಲು ಹೊರಬರುವ ಲಾಡಿ ಸಾಕು. ಬಲಗಾಲಿನ ಲಾಡಿಯ ತುದಿ ಮಾತ್ರ ಹಲ್ಲುಚಕ್ರಕ್ಕೆ ಸಿಗದಂತೆ ಒಳಗೆ ಸಿಕ್ಕಿಸಿಕೊಳ್ಳಿ. ಬಾಗಳಿಯಲ್ಲಿ ಮಧ್ಯಾಹ್ನ ಕಲ್ಲುಹಾಸು ಕಾದಿರುತ್ತದೆ, ಆದ್ದರಿಂದ ಬೆಳಿಗ್ಗೆಯೇ ಹೋಗುವುದು ಒಳಿತು. ಶೂವನ್ನೂ ಬಿಸಿಲಿಗೆ ಬಿಡಬೇಡಿ, ಅಟ್ಟೆ ಅಂಟಿಸಿದ ಗಮ್ ಇಲ್ಲಿನ ಸೆಕೆಗೆ ಬಿಟ್ಟುಕೊಳ್ಳುತ್ತದೆ.

ಗಮ್ಮಿನ ವಿಷಯದಲ್ಲಿ ನಾನು ನಂಬುವುದು ಬಸ್ ನಿಲ್ದಾಣದ ಬಳಿ ಕೂತು ಚಪ್ಪಲಿ ಹೊಲಿಯುವವರನ್ನು. ಹೊಸ ಶೂ ಕೊಂಡ ವಾರದಲ್ಲೇ ಅವರ ಹತ್ತಿರ ಒಯ್ದು ಅಟ್ಟೆಗೆ ಸುತ್ತಲೂ ಹೊಲಿಗೆ ಹಾಕಿಸುತ್ತೇನೆ. ಕೂಡ್ಲಿಗಿಯಲ್ಲಿ ಒಬ್ಬ ಹಿರಿಯರು ಸೂಜಿಗೆ ಮೇಣದ ದಾರ ಪೋಣಿಸುತ್ತಾ ಹೇಳಿದ್ದರು: “ಗಮ್ಮು ನೋಡಾಕ ಚೆಂದ್ರೀ, ದಾರ ನಡಿಯಾಕ.” ತುದಿಯಲ್ಲಿ ಹೊಲಿಗೆ ಒತ್ತುತ್ತದೆಯೇ ಎಂದು ಬೆರಳಾಡಿಸಿ ನೋಡಿ, ಎರಡು ಸಾಲು ಒಳಸರಿಸಿ ಹೊಲಿದುಕೊಟ್ಟರು. ಅಂಥ ಕೈಗಳು ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಇರುವುದು ನಮ್ಮ ಪ್ರವಾಸಿಗರ ಭಾಗ್ಯ. ಕೇಳಿದ ಹಣಕ್ಕೆ ಚೌಕಾಸಿ ಮಾಡಬೇಡಿ.

ಶೂ ಜೊತೆಗೆ ಇನ್ನೊಂದು ಜೋಡು ಇರಲೇಬೇಕು, ಸಂಜೆ ಪಾದಕ್ಕೆ ಗಾಳಿಯಾಡಲು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕೊಲ್ಹಾಪುರಿ ಚಪ್ಪಲಿಯನ್ನು ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಲ್ಲೂ ಮಾಡುತ್ತಾರೆ. ಊರೊಳಗಿನ ನಡಿಗೆಗೆ ಅದಕ್ಕಿಂತ ಚೆಲುವಾದದ್ದು ನನಗೆ ಗೊತ್ತಿಲ್ಲ. ಆದರೆ ಚರ್ಮದ ಅಟ್ಟೆ ಪೆಡಲಿನ ಮೇಲೆ ಜಾರುತ್ತದೆ, ನೀರಿಗೆ ಹೆದರುತ್ತದೆ. ಚೀಲದಲ್ಲಿಡಲು ಹಿಂಪಟ್ಟಿ ಇರುವ ಹಗುರ ಸ್ಯಾಂಡಲ್ಲೇ ಮೇಲು. ಶೂ ಒದ್ದೆಯಾದ ದಿನ ಅದನ್ನೇ ಹಾಕಿಕೊಂಡು ತುಳಿಯಬಹುದು. ಮಳೆಗಾಲದಲ್ಲಿ ಹಡಗಲಿಯ ಎರೆ ಹೊಲಗಳ ದಾರಿಗೆ ಇಳಿಯುವವರಿಗೆ ಯಾವ ಶೂವೂ ಸಾಲದು, ಎರೆಮಣ್ಣು ಅಟ್ಟೆಗೂ ಮಡ್‌ಗಾರ್ಡಿಗೂ ಒಟ್ಟಿಗೇ ಮೆತ್ತಿಕೊಳ್ಳುತ್ತದೆ. ಡಾಂಬರು ಬಿಟ್ಟು ಹೋಗಬೇಡಿ.

ಹೊಸ ಶೂ ಹಾಕಿಕೊಂಡು ಪ್ರವಾಸ ಹೊರಡಬಾರದು ಎಂಬುದನ್ನು ಕೊಟ್ಟೂರಿನ ಪಾದಯಾತ್ರಿಗಳಿಂದ ಕಲಿಯಬೇಕು. ಗುರುಬಸವೇಶ್ವರರ ತೇರಿಗೆ ದಾವಣಗೆರೆ ಕಡೆಯಿಂದ ನಡೆದು ಬರುವವರಲ್ಲಿ ಬರಿಗಾಲಿನವರು ಬಹಳ. ಮೆಟ್ಟಿಕೊಂಡವರ ಕಾಲಲ್ಲಿ ಮಿರುಗುವ ಹೊಸದು ಕಾಣುವುದು ಅಪರೂಪ. ಪಾದದ ಆಕಾರಕ್ಕೆ ಬಗ್ಗಿದ ಹಳೆಯ ಚಪ್ಪಲಿಯೇ ಇರುತ್ತದೆ. ಶೂ ಕೊಂಡ ಮೇಲೆ ಒಂದು ತಿಂಗಳು ಸಂತೆಗೆ, ಕೆಲಸಕ್ಕೆ ಅದನ್ನೇ ಹಾಕಿಕೊಂಡು ಹೋಗಿ. ಪ್ರವಾಸದಲ್ಲಿ ಹಾಕುವ ಕಾಲುಚೀಲದೊಂದಿಗೇ ಹಾಕಿ. ತೆಳುವಾದ ಉಣ್ಣೆಯದಾದರೆ ಬೆವರಿಗೂ ಒಳ್ಳೆಯದು. ಹತ್ತಿಯದು ಒದ್ದೆಯಾದರೆ ಬೇಗ ಒಣಗುವುದಿಲ್ಲ, ಚರ್ಮವನ್ನು ಉಜ್ಜುತ್ತದೆ.

ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಅರಣ್ಯದವರ ಅನುಮತಿಯಿಲ್ಲದೆ ಗುಡ್ಡಗಳ ಒಳಕ್ಕೆ ಹೋಗಬೇಡಿ, ಕೋಟೆಯಿಂದಲೂ ಹೊತ್ತು ಮುಳುಗುವ ಮುಂಚೆಯೇ ಇಳಿದುಬಿಡಿ. ಕರಡಿ ಮೇವಿಗೆ ಹೊರಡುವ ಹೊತ್ತು ಅದು. ರಾತ್ರಿ ಊರಲ್ಲಿ ಉಳಿದರೆ ಶೂವನ್ನು ಕಟ್ಟೆಯ ಮೇಲೆ ಬಿಡದೆ ಕೋಣೆಯೊಳಗೆ ತಂದಿಟ್ಟುಕೊಳ್ಳಿ. ಕಲ್ಲಿನ ಸೀಮೆ, ಚೇಳುಗಳಿಗೆ ಬೆಚ್ಚನೆಯ ಕತ್ತಲು ಇಷ್ಟ. ಬೆಳಿಗ್ಗೆ ಹಾಕಿಕೊಳ್ಳುವ ಮುಂಚೆ ಎರಡನ್ನೂ ತಲೆಕೆಳಗಾಗಿ ಹಿಡಿದು ಗಟ್ಟಿಯಾಗಿ ಬಡಿದು ನೋಡಿ.